ಮಕ್ಕಳು ಜಗಿಯುತ್ತಾರೆ, ಜಗ್ಗಮ್ಮ ಜಗ್ಗುತ್ತಾರೆ

ಬೆಳಕು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ವಿಶೇಷ ಮಕ್ಕಳ ತರಬೇತಿ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಕೂತ ಹೆಂಗಸೊಬ್ಬರು, ರಬ್ಬರಿನಂಥ ಕೆಂಪು ತುಂಡೊಂದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದಾರೆ. ಜಗ್ಗಿ, ತಿರುಚಿ, ಮಡಚಿ, ಮಡಿಕೆ ಬಿದ್ದ ಜಾಗವನ್ನು ಬೆಳಕಿಗೆ ಹಿಡಿಯುತ್ತಾರೆ. ಉಗುರಿನಿಂದ ಅಂಚನ್ನು ಕೆರೆಯುತ್ತಾರೆ. ಎಲ್ಲೂ ಬಿರುಕಿಲ್ಲ. ಸಮಾಧಾನವೂ ಇಲ್ಲ. ಇನ್ನೊಮ್ಮೆ ಜಗ್ಗುತ್ತಾರೆ.

ಪಕ್ಕದ ತಟ್ಟೆಯಲ್ಲಿ ಸೋಪಿನ ನೀರಿನಲ್ಲಿ ತೊಳೆದು ಆರಹಾಕಿದ ಇನ್ನಷ್ಟು ತುಂಡುಗಳಿವೆ. ಕೊಳವೆಯಂಥದ್ದು, ಎಲೆಯಂಥದ್ದು, ಮೈಯೆಲ್ಲ ಗುಳ್ಳೆ ಎದ್ದಿರುವಂಥದ್ದು. ಒಬ್ಬೊಬ್ಬರದಕ್ಕೂ ಒಂದೊಂದು ಬಣ್ಣ. ಒಬ್ಬರದು ಇನ್ನೊಬ್ಬರ ಬಾಯಿಗೆ ಹೋಗುವಂತಿಲ್ಲ. ಸಿಲಿಕಾನಿನಲ್ಲಿ ಮಾಡಿದ ಇವಕ್ಕೆ ಅಂಗಡಿಯಲ್ಲಿ ಏನೇನೋ ಹೆಸರಿದೆ. ಇಲ್ಲಿ ಎಲ್ಲರ ಬಾಯಲ್ಲೂ ಇದು ‘ಜಗಿಯೋದು’. ಕೆಲವು ಮಕ್ಕಳಿಗೆ ಸದ್ದು, ಬೆಳಕು, ಜನ ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದಂತಾಗುತ್ತದೆ. ಆಗ ದವಡೆಗೆ ಕಚ್ಚಲು ಏನಾದರೂ ಬೇಕು. ಸಿಗದಿದ್ದರೆ ಅಂಗಿಯ ಕಾಲರು, ಪೆನ್ಸಿಲ್ಲು, ಕೊನೆಗೆ ತಮ್ಮದೇ ಮಣಿಕಟ್ಟು. ಚೇಷ್ಟೆಯಲ್ಲ ಅದು, ಆಸರೆ.

ಆ ಆಸರೆಯೇ ಗಂಟಲಿಗೆ ಸಿಕ್ಕಿಕೊಂಡರೆ? ಹಗಲೂ ರಾತ್ರಿ ಕಿಟಕಿಯ ಬಳಿಯ ಈ ಆಯಾ ಅವರ ಎದೆಯ ಮೇಲೆ ಕೂತಿರುವ ಪ್ರಶ್ನೆ ಇದೊಂದೇ. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೂ ಸಾಕು, ಇವರ ಕತ್ತು ತಾನಾಗಿ ಆ ಕಡೆ ತಿರುಗುತ್ತದೆ.

ಹೆಸರು ಜಗ್ಗಮ್ಮ. ಹೆತ್ತವರಿಟ್ಟದ್ದಲ್ಲ, ಮಕ್ಕಳ ಮನೆಯವರು ಇಟ್ಟದ್ದು. “ಮಕ್ಕಳು ಜಗೀತಾರೆ, ನಾನು ಜಗ್ಗ್ತೀನಿ. ಅಷ್ಟೇ ಕಣ್ರೀ ನನ್ನ ಉದ್ಯೋಗ” ಎಂದು ಅವರೇ ನಗುತ್ತಾರೆ. ಮನೆಯಲ್ಲಿ ಗಂಡನ ದೂರು ಬೇರೆಯೇ ಇದೆ: “ಕುಕ್ಕರಿನ ಹಿಡಿ ಜಗ್ಗಿದ್ಲು, ಬಾಗಿಲ ಚಿಲಕ ಜಗ್ಗಿದ್ಲು. ಒಂದಿನ ನಿದ್ದೆಗಣ್ಣಲ್ಲಿ ನನ್ನ ಮೀಸೇನೂ ಜಗ್ಗಿ ನೋಡಿದ್ಲು, ಅಂಟಿಸಿದ್ದೋ ಹುಟ್ಟಿದ್ದೋ ಅಂತ!”

ಜಗ್ಗುವ ಚಾಳಿ ಹಳೆಯದು. ಮೊದಲು ಅವರಿದ್ದದ್ದು ಕೂಸುಗಳ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ. ಹೊಲಿಗೆ ಮುಗಿದ ಅಂಗಿಯ ಒಂದೊಂದು ಗುಂಡಿಯನ್ನೂ ಎಳೆದು ನೋಡುವ ಕೆಲಸ. ಸಡಿಲ ಗುಂಡಿ ಕೂಸಿನ ಬಾಯಿಗೆ ಹೋಗಬಾರದಲ್ಲ. ಕಾರ್ಖಾನೆ ಮುಚ್ಚಿತು, ಇಲ್ಲಿ ನೆಲ ಒರೆಸಲು ಸೇರಿದರು. ಒರೆಸುತ್ತಲೇ ಸಿಕ್ಕಿದ ಆಟಿಕೆಯನ್ನೆಲ್ಲ ಎಳೆದು ನೋಡುವುದನ್ನು, ಇಲ್ಲಿ ಮಕ್ಕಳಿಗೆ ಚಿಕಿತ್ಸೆ ಕೊಡುವ ತೆರಪಿ ಮೇಡಂ ಕಂಡರು. “ಅಕ್ಕ, ಆ ಕೈ ನನಗೆ ಬೇಕು” ಅಂದರು. ಮುಂದಿನದನ್ನೆಲ್ಲ ಕಲಿಸಿದವರು ಅವರೇ.

“ಮೊದಲು ಮಗು ಎಷ್ಟು ಗಟ್ಟಿಯಾಗಿ ಕಚ್ಚುತ್ತೆ ಅಂತ ನೋಡ್ಬೇಕು, ವಯಸ್ಸಲ್ಲ” ಎಂದು ಜಗ್ಗಮ್ಮ ಕಲಿತ ಪಾಠ ಒಪ್ಪಿಸುತ್ತಾರೆ. “ಗಟ್ಟಿ ಕಚ್ಚೋರಿಗೆ ಗಟ್ಟೀದೇ. ಒಂದೇ ಎರಕದ್ದಾಗಿರ್ಬೇಕು, ಅಂಟಿಸಿದ ಕಣ್ಣು ಮೂಗು ಇರ್ಬಾರ್ದು. ದವಡೆ ಹಲ್ಲಿಗೆ ಮುಟ್ಬೇಕು, ಗಂಟಲಿಗೆ ಮುಟ್ಬಾರ್ದು. ಕೊರಳಿಗೆ ಹಾಕೋ ದಾರ ಜಗ್ಗಿದ ತಕ್ಷಣ ಬಿಚ್ಕೋಬೇಕು. ಮಲಗೋವಾಗ ಕೊಡೋ ಹಾಗೇ ಇಲ್ಲ. ಕೊಟ್ಟ ಮೇಲೂ ಕಣ್ಣು ಅಲ್ಲೇ ಇರ್ಬೇಕು.”

ಮಕ್ಕಳು ಬರುವ ಹೊತ್ತಿಗೆ ಅವರು ಬಾಗಿಲಿಗೆ ಅಡ್ಡ ನಿಂತಿರುತ್ತಾರೆ. ಮನೆಯಿಂದ ಬಂದ ಪ್ರತಿ ‘ಜಗಿಯೋದೂ’ ಇವರ ಕೈಯಲ್ಲಿ ಒಮ್ಮೆ ಎಳೆಸಿಕೊಂಡೇ ಒಳಗೆ ಹೋಗಬೇಕು. ತಡವಾಯಿತು, ಆಫೀಸಿದೆ ಎಂದರೆ ಕೇಳುವವರಲ್ಲ. “ಸುಂಕದವರ ಮುಂದೆ ಸುಖದುಃಖ ಹೇಳ್ಕೊಂಡ ಹಾಗೆ” ಎಂದು ಅಪ್ಪನೊಬ್ಬ ಗೊಣಗುತ್ತಾನೆ. “ಜಗ್ಗಮ್ಮ ಯಾರಿಗೂ ಜಗ್ಗಲ್ಲ ಬಿಡಿ” ಎಂದು ಹಿಂದಿದ್ದ ಅಮ್ಮ ಸೇರಿಸುತ್ತಾಳೆ. ಸಾಲು ನಗುತ್ತದೆ.

ಈ ಬೆಳಗ್ಗೆ ಆ ನಗು ಅರ್ಧಕ್ಕೇ ನಿಲ್ಲುತ್ತದೆ.

ಅಜ್ಜಿಯ ಕೈ ಹಿಡಿದು ‘ಅಳಿಲು’ ಬಂದಿದ್ದಾಳೆ. ಏಳು ವರ್ಷದ ಹುಡುಗಿ; ಮಾತಿಲ್ಲ. ತಿಂಡಿಯನ್ನು ಕೆನ್ನೆಯೊಳಗೆ ಕೂಡಿಟ್ಟುಕೊಳ್ಳುವ ಅಭ್ಯಾಸದಿಂದ ಆ ಅಡ್ಡಹೆಸರು. ಕಚ್ಚಿದರೆ ಪೆನ್ಸಿಲ್ಲು ಎರಡು ತುಂಡು. ಅವಳ ಕೊರಳಲ್ಲಿ ಇಲ್ಲಿಂದ ಕೊಟ್ಟ ಗಟ್ಟಿ ಕೆಂಪು ಕೊಳವೆ ಇಲ್ಲ. ಸಿಲಿಕಾನಿನದೇ ಹಳದಿ ಹೂವೊಂದು ತೂಗುತ್ತಿದೆ. ಜಗ್ಗಮ್ಮ ಬೆರಳಲ್ಲಿ ಹಿಡಿದರೆ ಹೂವು ಬೆಣ್ಣೆಯಂತೆ ಬಾಗುತ್ತದೆ. ಒಂದು ಎಸಳಿಗೆ ತುದಿಯಿಲ್ಲ. ಕಿರುಬೆರಳ ಉಗುರಿನಷ್ಟು ಜಾಗ ಖಾಲಿ, ಅಂಚು ಹಸಿಹಸಿ.

“ಅಜ್ಜಿ, ಮನೆ ಬಿಡೋವಾಗ ಇದು ಪೂರ್ತಿ ಇತ್ತಾ?”

“ಇತ್ತಲ್ಲ, ನಾನೇ ಕೊರಳಿಗೆ ಹಾಕ್ದೆ. ಯಾಕೆ ತಾಯಿ?” ಎನ್ನುತ್ತಲೇ ಅಜ್ಜಿಯ ಕಣ್ಣು ಆ ಖಾಲಿ ಜಾಗದ ಮೇಲೆ ಬೀಳುತ್ತದೆ. ಬಾಯಿ ತೆರೆದುಕೊಳ್ಳುತ್ತದೆ, ಕೂಗಲು.

“ಕೂಗ್ಬೇಡಿ ಅಜ್ಜಿ. ನಗಿ” ಎನ್ನುತ್ತಾರೆ ಜಗ್ಗಮ್ಮ, ತಾವೂ ನಗುತ್ತ. “ನೀವು ಕೂಗಿದ್ರೆ ಅವಳು ಬೆಚ್ತಾಳೆ. ಬೆಚ್ಚಿದ್ರೆ ಉಸಿರು ಒಳಗೆಳೀತಾಳೆ. ನಗಿ.”

ಅಜ್ಜಿ ನಗುತ್ತಾರೆ. ಅಂಥ ನಗುವನ್ನು ಯಾರೂ ನೋಡಬಾರದು.

ಅಳಿಲಿನ ತುಟಿ ಬಿಗಿದಿದೆ. ಮೂಗಿನಲ್ಲಿ ಉಸಿರಾಟ ನಡೆದಿದೆ, ಸದ್ದಿಲ್ಲ, ಕೆಮ್ಮಿಲ್ಲ. ಚೂರು ದಾರಿಯಲ್ಲಿ ಬಿದ್ದಿರಬಹುದು. ಹೊಟ್ಟೆಗೆ ಹೋಗಿರಬಹುದು. ಅಥವಾ ಈಗಲೂ ಬಾಯಲ್ಲೇ, ನಾಲಿಗೆ ಮತ್ತು ಗಂಟಲಿನ ನಡುವೆ ಎಲ್ಲೋ, ಒಂದು ಅಳುವಿಗೆ ಕಾಯುತ್ತಿರಬಹುದು. ಬೆರಳು ಹಾಕಿ ಹುಡುಕುವಂತಿಲ್ಲ. ಕಾಣದ ಚೂರನ್ನು ಬೆರಳೇ ಒಳಕ್ಕೆ ತಳ್ಳಿಬಿಡುತ್ತದೆ. ತೆರಪಿ ಮೇಡಂ ಫೋನು ಹಿಡಿದು ಸದ್ದಿಲ್ಲದೆ ಹುಡುಗಿಯ ಹಿಂದೆ ಬಂದು ನಿಲ್ಲುತ್ತಾರೆ. ಚೂರು ಗಂಟಲಿಗೆ ಸಿಕ್ಕಿಕೊಂಡರೆ ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಬಡಿಯಲು ಒಂದು ಕೈ ಆಗಲೇ ಸಿದ್ಧ.

ಜಗ್ಗಮ್ಮ ನೆಲದ ಮೇಲೆ ಕೂರುತ್ತಾರೆ. ಮುಖದ ನಗು ಹಾಗೇ ಇದೆ. ಬಾಗಿಲ ಬಳಿ ತಂದಿಟ್ಟುಕೊಂಡ ತಟ್ಟೆಯಿಂದ, ಅವಳಿಗೆಂದೇ ಇಲ್ಲಿಟ್ಟಿರುವ, ಬೆಳಗ್ಗೆ ಎರಡೆರಡು ಸಲ ಎಳೆದು ನೋಡಿದ ಇನ್ನೊಂದು ಕೆಂಪು ಕೊಳವೆಯನ್ನು ಎತ್ತಿ, ಹುಡುಗಿಯ ಮುಂದೆ ಹಿಡಿಯುತ್ತಾರೆ. ಕೊಡುವುದಿಲ್ಲ, ಹಿಡಿಯುತ್ತಾರೆ ಅಷ್ಟೇ. ಇನ್ನೊಂದು ಕೈಯನ್ನು ಅವಳ ಗಲ್ಲದ ಕೆಳಗೆ ಬೊಗಸೆಯಂತೆ ಚಾಚುತ್ತಾರೆ.

“ಇದು ಬೇಕಾ ಅಳಿಲಮ್ಮ? ಹಳೇದು ಕೊಡು, ಹೊಸದು ತಗೋ.”

ತಿಂಡಿಯ ಹೊತ್ತಿನಲ್ಲಿ ಕೆನ್ನೆ ಖಾಲಿ ಮಾಡಿಸಲು ದಿನವೂ ಇವರಿಬ್ಬರೂ ಆಡುವ ಆಟ ಇದು. ಅಳಿಲು ಕೆಂಪು ಕೊಳವೆಯನ್ನು ನೋಡುತ್ತಾಳೆ. ಕೈಯನ್ನು ನೋಡುತ್ತಾಳೆ. ಮೇಲೆ ತಿರುಗುವ ಫ್ಯಾನನ್ನು ನೋಡುತ್ತಾಳೆ. ಫ್ಯಾನಿನ ಮೇಲೆ ಅವಳಿಗೆ ಭಾರಿ ಪ್ರೀತಿ. ಅಜ್ಜಿ ಗೋಡೆ ಹಿಡಿದು ಇನ್ನೂ ನಗುತ್ತಲೇ ಇದ್ದಾರೆ, ಕಣ್ಣೀರು ಗಲ್ಲದ ತನಕ ಇಳಿದಿದೆ. ಕೊನೆಗೆ ಅಳಿಲು ತಲೆ ಬಗ್ಗಿಸಿ, ಕೆನ್ನೆಯ ಮೂಲೆಯಿಂದ ನಾಲಿಗೆಯಲ್ಲಿ ತಳ್ಳಿ, ಜೊಲ್ಲಿನ ಜೊತೆ ಹಳದಿಯದೊಂದು ಚೂರನ್ನು ಜಗ್ಗಮ್ಮನ ಅಂಗೈಗೆ ಬಿಡುತ್ತಾಳೆ. ಕೆಂಪು ಕೊಳವೆ ದವಡೆಗೆ ಸೇರುತ್ತದೆ.

ಜಗ್ಗಮ್ಮ ಮೊದಲು ಚೂರನ್ನು ಎಸಳಿನ ಖಾಲಿ ಜಾಗಕ್ಕೆ ಕೂಡಿಸಿ ನೋಡುತ್ತಾರೆ. ಸರಿಯಾಗಿ ಕೂರುತ್ತದೆ, ಏನೂ ಬಾಕಿ ಉಳಿದಿಲ್ಲ. ಆಮೇಲೆ ಎದ್ದು ಹಿಂಬದಿಯ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಾರೆ. ನಲ್ಲಿ ಯಾಕೆ ಎಂದರೆ, ಸದ್ದು ಮಕ್ಕಳಿಗೆ ಕೇಳಬಾರದು.

ಡಾಕ್ಟರಿಗೆ ತೋರಿಸಿ, ಏನೂ ಇಲ್ಲ ಎನಿಸಿಕೊಂಡು ಬಂದ ಮೇಲೆ ಅಜ್ಜಿಯ ಬಾಯಿಂದ ಮಾತು ಹೊರಡುತ್ತದೆ. “ನೀವೇ ಹೇಳಿದ್ರಲ್ಲಮ್ಮ, ‘ಮೆತ್ತಗಿದೆಯಾ ನೋಡಿ’ ಅಂತ! ಹಳೇದು ಕಲ್ಲಿನ ಹಾಗಿತ್ತು. ಅಂಗಡೀಲಿದ್ದ ಎಲ್ಲಾನೂ ಹಿಸುಕಿ ಹಿಸುಕಿ, ಇರೋದ್ರಲ್ಲೇ ಮೆತ್ತಗಿರೋದು ಆರಿಸಿ ತಂದೆ.”

ಜಗ್ಗಮ್ಮ ಆ ಹಳದಿ ಹೂವನ್ನು ಇನ್ನೊಮ್ಮೆ ಹಿಸುಕಿ ನೋಡುತ್ತಾರೆ. ಹೇಳಿದ್ದು ನಿಜ. ಜಗಿದು ಜಗಿದು ಮೆತ್ತಗಾಗಿದೆಯಾ ನೋಡಿ, ಆಗಿದ್ದರೆ ಎಸೆಯಿರಿ ಎಂದು ಅವರ ಅರ್ಥ. ಗಟ್ಟಿ ದವಡೆಗೆ ಮೆತ್ತನೆಯದು ಸಿಕ್ಕರೆ ಕಿತ್ತುಬರುತ್ತದೆ. ಹಲ್ಲು ಮೊಳೆಯುವ ಕೂಸಿಗೆ ಮಾಡಿದ ಹೂವದು. ಆದರೆ ಮೊಮ್ಮಗಳ ಹಲ್ಲು ನೋಯಬಾರದು ಎನ್ನುವ ಅಜ್ಜಿಗೆ ‘ಮೆತ್ತಗೆ’ ಎಂಬ ಮಾತು ಇನ್ನು ಹೇಗೆ ಕೇಳಿಸೀತು?

“ತಪ್ಪು ನಿಮ್ಮ ಕೈಯದ್ದಲ್ಲ ಅಜ್ಜಿ, ನನ್ನ ಬಾಯಿದು” ಎನ್ನುತ್ತಾರೆ. “ಎಲ್ಲಾನೂ ಜಗ್ಗಿ ನೋಡ್ದೆ, ಆಡಿದ ಮಾತೊಂದನ್ನ ಜಗ್ಗಿ ನೋಡ್ಲಿಲ್ಲ.”

ಸಂಜೆ ಬಾಗಿಲಲ್ಲಿ ಒಬ್ಬೊಬ್ಬರನ್ನೂ ನಿಲ್ಲಿಸಿ ಹೊಸ ಮಾತು ಹೇಳಿ ಕಳಿಸುತ್ತಿದ್ದಾರೆ: “ಇದು ಗಟ್ಟಿಯಾಗೇ ಇರ್ಬೇಕು. ಮೆತ್ತಗಾದ್ರೆ ಎಸೀರಿ. ಏನು ಹೇಳ್ದೆ, ಹೇಳಿ ನೋಡೋಣ?” ಬೆಳಗ್ಗೆ ಗೊಣಗಿದ ಅಪ್ಪ ಶಾಲೆಯ ಹುಡುಗನಂತೆ ಕೈಕಟ್ಟಿ ಒಪ್ಪಿಸುತ್ತಾನೆ.

ಎಲ್ಲರೂ ಹೋದ ಮೇಲೆ ತೆರಪಿ ಮೇಡಂ ಕೇಳುತ್ತಾರೆ: “ಅಕ್ಕ, ನಾಲ್ಕು ದಿನ ರಜ ತಗೋತೀರಾ? ಈ ಭಯ ಸ್ವಲ್ಪ ಇಳೀಲಿ.”

ಜಗ್ಗಮ್ಮ ತೊಳೆದ ಕೆಂಪು ಕೊಳವೆಯನ್ನು ಕಿಟಕಿಯ ಕಡೆ ಹಿಡಿದು ಎಳೆಯುತ್ತಾರೆ.

“ಬೇಡ ಮೇಡಂ. ಭಯ ಇಳಿದ್ರೆ ಕೈ ಸಡಿಲ ಆಗುತ್ತೆ. ಅದು ನನ್ನ ಹತ್ರಾನೇ ಇರ್ಲಿ. ಮಕ್ಕಳ ಮುಂದೆ ಮುಖಕ್ಕೆ ಬರದೇ ಇದ್ರೆ ಸಾಕು.”