ಕೆಂಪಿಯ ನಾಲ್ಕು ಸ್ಟ್ರಾ

ಕಮಲಾಕ್ಷರಿಗೆ ಕಣ್ಣಾರೆ ಕಾಣದ ಯಾವುದರ ಮೇಲೂ ನಂಬಿಕೆ ಇರಲಿಲ್ಲ. ನನ್ನ ಮೇಲಂತೂ ಮೊದಲೇ ಇಲ್ಲ. ಕಾಸರಗೋಡಿನ ಈ ಒಣಕಲು ಮನುಷ್ಯ ತಿರುವನಂತಪುರದ ಉಳ್ಳೂರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಹಸುವಿನ ಭ್ರೂಣಗಳನ್ನು ಹೆಪ್ಪುಗಟ್ಟಿಸಿದ ಲ್ಯಾಬ್ ಟೆಕ್ನೀಶಿಯನ್. ನಾನು ಶಾಲಿನಿ, ಮೈಸೂರಿನವಳು, ಕೊಚ್ಚಿಯಲ್ಲಿ ಪಶುವೈದ್ಯೆ. ಕನ್ನಡ ಮಾತಾಡಲು ನಮಗೆ ಸಿಕ್ಕಿದ್ದು ನಾವಿಬ್ಬರೇ. ಅದನ್ನೂ ಜಗಳಕ್ಕೇ ಬಳಸುತ್ತಿದ್ದೆವು.

ಕೆಂಪಿ, ಕಮಲಾಕ್ಷರು ಊರಿನಿಂದ ತಂದ ಗಿಡ್ಡ ಹಸು. ಆ ಸಂತತಿಯಲ್ಲಿ ಉಳಿದವಳು ಅವಳೊಬ್ಬಳೇ, ಎರಡು ಸಲ ಗರ್ಭ ನಿಂತಿರಲಿಲ್ಲ. "ಇವಳದ್ದೊಂದು ಕರು ನೋಡಿಯೇ ರಿಟೈರ್ ಆಗುದು ನಾನು" ಎಂದು ಹಟ ಹಿಡಿದಿದ್ದರು. ಕಡೆಗೆ ಅವಳ ಗರ್ಭಕೋಶದಿಂದ ಏಳು ದಿನದ ನಾಲ್ಕು ಭ್ರೂಣ ಸಿಕ್ಕವು. ಬೇರೆ ಹಸುಗಳು ಸಿದ್ಧವಾಗುವವರೆಗೆ ಹೆಪ್ಪುಗಟ್ಟಿಸಿಟ್ಟು, ಆಮೇಲೆ ಅವಕ್ಕೆ ಹಾಕಿದರಾಯಿತು. ಅದೇ ವಾರ ಅವರ ಹಳೆಯ ಮೆಷೀನು ಕೆಟ್ಟು ಕೂರಬೇಕೇ!

ಆ ಮೆಷೀನು ಭ್ರೂಣವನ್ನು ಇಷ್ಟಿಷ್ಟೇ ತಣಿಸಲು ಎರಡು ಗಂಟೆ ತೆಗೆದುಕೊಳ್ಳುತ್ತಿತ್ತು. ನಾನು ಹೋಗಿ ಹೊಸ ವಿಧಾನದಲ್ಲಿ, ಭ್ರೂಣಗಳನ್ನು ದಟ್ಟ ದ್ರಾವಣದಲ್ಲಿಟ್ಟು, ಪೊರಕೆ ಕಡ್ಡಿಗಿಂತ ತೆಳುವಾದ ಪ್ಲಾಸ್ಟಿಕ್ ಸ್ಟ್ರಾಗಳಿಗೆ ತುಂಬಿ, ನೇರವಾಗಿ ದ್ರವ ಸಾರಜನಕಕ್ಕೆ ಅದ್ದಿದೆ. ಭ್ರೂಣವನ್ನು ಒಡೆಯುವ ಐಸಿನ ಹರಳು ಕಟ್ಟಲು ಪುರುಸೊತ್ತೇ ಇಲ್ಲದೆ ಅವು ಗಾಜಿನ ಹಾಗೆ ಗಟ್ಟಿಯಾಗುತ್ತವೆ.

"ಎಂತ ಡಾಕ್ಟ್ರೇ, ಎರಡು ಗಂಟೆಯ ಕೆಲಸ ಎರಡು ನಿಮಿಷದಲ್ಲಿ ಮುಗೀತಾ? ಚಾಯ ಮಾಡಿದ ಹಾಗೆ ಆಯ್ತಲ್ಲ!"

"ನಿಮ್ಮ ಮೆಷೀನ್ ಕೈಕೊಟ್ಟಿದೆಯಲ್ಲ ಸಾರ್, ಇನ್ನೇನ್ ಮಾಡ್ಲಿ? ಸುಮ್ನೆ ನೋಡ್ತಿರಿ" ಎಂದು ರೇಗಿದೆ.

ಮೂರು ತಿಂಗಳಿಗೆ ಕೆಂಪಿ ಉಣ್ಣಿ ಜ್ವರ ಬಂದು ಸತ್ತಳು. ಫೋನಿನಲ್ಲಿ ಆ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತರು. ಇನ್ನು ಉಳಿದದ್ದು ಅವರ ಲ್ಯಾಬಿನ ಸಾರಜನಕದ ಕ್ಯಾನಿನಲ್ಲಿದ್ದ ಆ ನಾಲ್ಕು ಸ್ಟ್ರಾ.

ಅವರ ನಿವೃತ್ತಿಗೆ ಹತ್ತು ತಿಂಗಳಿರುವಾಗ, ಕೊಚ್ಚಿ ಬಳಿಯ ಏಲೂರಿನ ಆಚೆಯ ಫಾರ್ಮಿನಲ್ಲಿ ಭ್ರೂಣ ಹಾಕಲು ನಾಲ್ಕು ಹಸುಗಳನ್ನು ಸಿದ್ಧ ಮಾಡಿದೆ. ಕಮಲಾಕ್ಷರು ಸಾರಜನಕದ ಕ್ಯಾನನ್ನು ಕಾಲಸಂದಿಯಲ್ಲಿಟ್ಟುಕೊಂಡು ರೈಲಿನಲ್ಲಿ ಬಂದರು. ಒಳಗೇನಿದೆ ಎಂದ ಟಿಕೆಟ್ ಪರೀಕ್ಷಕರಿಗೆ "ನಾಲ್ಕು ಹಸು" ಎಂದರಂತೆ. ಅದನ್ನು ಹೇಳಿ ನಕ್ಕೇ ನಕ್ಕರು.

ಮೊದಲ ಸ್ಟ್ರಾ ಕರಗಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಭ್ರೂಣ ಒಡೆದು ಕಪ್ಪಗಾಗಿತ್ತು. ಎರಡನೆಯದೂ ಹಾಗೇ. ಮೂರನೆಯದೂ. ನಾಲ್ಕನೆಯದನ್ನು ಎರಡೆರಡು ಸಲ ನೋಡಿದೆ. ಅದೂ ಹೋಗಿತ್ತು.

"ಸಾರ್, ಮಧ್ಯೆ ಯಾವತ್ತಾದ್ರೂ ಸಾರಜನಕ ಕಮ್ಮಿ ಆಗಿತ್ತಾ?"

"ಛೆ! ಪ್ರತಿ ಸೋಮವಾರ ನಾನೇ ತುಂಬಿಸಿದ್ದೇನೆ. ನಾಲ್ಕೂ ಉಂಟಾ ಅಂತ ಕ್ಯಾನಿನ ಬಾಯಿಗೆ ಎತ್ತಿ ನೋಡಿದ್ದೇನೆ. ಒಂದು ವಾರ ತಪ್ಪಿಸ್ಲಿಲ್ಲ."

"ಎಷ್ಟು ಹೊತ್ತು ಎತ್ತಿ ಹಿಡೀತಿದ್ರಿ?"

"ಸ್ಟ್ರಾದ ಮೇಲೆ ಅವಳ ಹೆಸರು ಓದುವಷ್ಟು."

ಹಿಂದೆ ಯಾವುದೋ ಓಣಂ ರಜೆಯಲ್ಲಿ ಕ್ಯಾನಿನ ಸಾರಜನಕ ಆರಿ ಎಲ್ಲ ಹಾಳಾದಂದಿನಿಂದ ಅವರಿಗೆ ಈ ಅಭ್ಯಾಸ. ಹಳೆಯ ದಪ್ಪ ಸ್ಟ್ರಾಗಳು ಅಷ್ಟನ್ನು ತಡೆದುಕೊಂಡಿದ್ದವು. ನನ್ನವು ತಡೆಯುವುದಿಲ್ಲ. ಬೆಚ್ಚನೆಯ ಗಾಳಿಗೆ ಕೆಲವೇ ಸೆಕೆಂಡು ಬಂದರೂ ಒಳಗೆ ಹರಳು ಕಟ್ಟಿ ಭ್ರೂಣ ಸಾಯುತ್ತದೆ. ಸ್ಟ್ರಾಗಳನ್ನು ಕಾಯುವುದು ಹೇಗೆಂದು ನಾನು ಬರೆದುಕೊಟ್ಟಿದ್ದ ಎರಡು ಪುಟದಲ್ಲಿ ಈ ಒಂದು ಸಾಲು ಇರಲಿಲ್ಲ. "ಸೋಮವಾರದ ಪೂಜೆ ಆಯ್ತಾ ಸಾರ್?" ಎಂದು, ಅವರು ತಪ್ಪದೆ ಕ್ಯಾನು ತುಂಬಿಸುವುದನ್ನು ಫೋನಿನಲ್ಲಿ ಕಿಚಾಯಿಸುತ್ತಿದ್ದೆ. ಪೂಜೆಯಲ್ಲಿ ಏನೇನು ಮಾಡುತ್ತೀರಿ ಎಂದು ಒಮ್ಮೆಯಾದರೂ ಕೇಳಿದ್ದರೆ! ನಾನೆಂಥ ಮೂದೇವಿ.

ಇದ್ದದ್ದನ್ನು ಇದ್ದಂತೆ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವರು ಬಯ್ಯಲಿಲ್ಲ. ಹೊರಗೆ ಫಾರ್ಮಿನ ಆಳುಗಳು ಆ ನಾಲ್ಕು ಹಸುಗಳ ಕಟ್ಟು ಬಿಚ್ಚಿ ಕೊಟ್ಟಿಗೆಗೆ ಹೊಡೆಯುತ್ತಿದ್ದರು. ಕಮಲಾಕ್ಷರು ಅದನ್ನೇ ನೋಡುತ್ತಾ ನಿಂತರು.

"ಇವು ಸತ್ತದ್ದು ಯಾವ ಸೋಮವಾರ ಆಗಿರಬಹುದು ಡಾಕ್ಟ್ರೇ?"

"ಅದು ಗೊತ್ತಾಗಲ್ಲ ಸಾರ್. ಮೊದಲನೇದೇ ಇರಬಹುದು."

ಕಮಲಾಕ್ಷರು ಖಾಲಿ ಕ್ಯಾನಿನ ಮುಚ್ಚಳ ಹಾಕಿದರು.

"ಮೊದಲ್ನೇದು ಅಂದ್ರೆ, ಆಗ ಕೆಂಪಿ ಬದುಕಿದ್ಲಲ್ಲ. ಇನ್ನೊಮ್ಮೆ ಭ್ರೂಣ ತೆಗೀಬಹುದಿತ್ತು."