ರೊಟ್ಟಿ ಮಗುಚುವಷ್ಟು ಹೊತ್ತು

ಹಾಲು ಕಾಸುವುದು. ಅತ್ತೆಯ ಬಿ.ಪಿ. ಮಾತ್ರೆ ಬಿಡಿಸಿ ನೀರಿನ ಲೋಟದ ಪಕ್ಕ ಇಡುವುದು. ನಲ್ಲಿಯಲ್ಲಿ ನೀರು ಬರುವ ದಿನವಾದರೆ ಮೊದಲು ಸಂಪು, ಆಮೇಲೆ ಕೊಡ, ಆಮೇಲೆ ಬಕೆಟ್ಟು. ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ. ಮಗಳ ಡಬ್ಬಿಗೆ ಚಿತ್ರಾನ್ನ, ಗಂಡನ ಡಬ್ಬಿಗೆ ಮೆಣಸಿನಕಾಯಿ ಆರಿಸಿ ತೆಗೆದ ಚಿತ್ರಾನ್ನ. ಗಂಡನ ಕನ್ನಡಕ ಹುಡುಕುವುದು. ಅದು ದಿನವೂ ದೇವರ ಗೂಡಿನಲ್ಲೇ ಇರುತ್ತದೆ, ದಿನವೂ ಕಳೆದುಹೋಗುತ್ತದೆ. ರಾತ್ರಿಯ ರೊಟ್ಟಿಗೆ ಅಕ್ಕಿಹಿಟ್ಟು ಜರಡಿ ಹಿಡಿದಿಡುವುದು. ಇಷ್ಟಾಗುವಾಗ ಅಜ್ಜಂಪುರದಲ್ಲಿ ಬೆಳಕು ಹರಿಯುತ್ತದೆ. ಕೋಮಲಾ ಲ್ಯಾಪ್‌ಟಾಪ್ ತೆರೆಯುತ್ತಾಳೆ. ಆಗ ಎದ್ದು ಬಂದ ಮನೆಯವರು, "ಬೆಳಿಗ್ಗೆ ಬೆಳಿಗ್ಗೇನೇ ಕೂತ್ಬಿಟ್ಯಾ?" ಅನ್ನುತ್ತಾರೆ.

ಅವಳು ಕೂರುವುದು ಬೆಂಗಳೂರಿನ 'ನಾದಕಣಜ' ಎಂಬ ಸಂಸ್ಥೆಯ ಕೆಲಸಕ್ಕೆ. ಸಣ್ಣ ಸಣ್ಣ ರಾಗಗಳನ್ನು ಕೂಡಿಟ್ಟುಕೊಂಡು, ಜಾಹೀರಾತು, ಧಾರಾವಾಹಿ ಮಾಡುವವರಿಗೆ ಬಳಸಲು ಕೊಡುವ ಭಂಡಾರ ಅದು. ರಾಗ ಕಟ್ಟಿದವರ ಒಪ್ಪಂದಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡಾಗ ಬಿಡಿಸುವವಳು ಕೋಮಲಾ.

ಈ ವಿದ್ಯೆಯನ್ನು ಅವಳು ಕಲಿತದ್ದು ಗಂಡ ಓಂಕಾರೇಶನ ಪಾತ್ರೆ ಅಂಗಡಿಯಲ್ಲಿ. ಕಡೂರು, ಬೀರೂರುಗಳಿಂದ ಬರುವ ಮದುವೆ ಆರ್ಡರುಗಳ ಸ್ಟೀಲ್ ಪಾತ್ರೆಗಳಿಗೆ ಮೆಷಿನ್ ಹಿಡಿದು ಹೆಸರು ಹಾಕುವವಳು ಅವಳೇ. ಎರವಲು ಕೊಟ್ಟ ಪಾತ್ರೆ ಬೇರೆ, ಕೊಟ್ಟೇಬಿಟ್ಟ ಪಾತ್ರೆ ಬೇರೆ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಪ್ಪಂದಗಳೂ ಹಾಗೇ. ಎರವಲಿನ ಕರಾರಾದರೆ ಒಂದೇ ರಾಗವನ್ನು ನಾಲ್ಕು ಭಂಡಾರಕ್ಕೆ ಕೊಡಬಹುದು. 'ನಿಮಗೊಬ್ಬರಿಗೇ' ಎಂದು ಬರೆದುಕೊಟ್ಟರೆ ಮತ್ತೆ ಯಾರಿಗೂ ಕೊಡುವಂತಿಲ್ಲ.

ಆ ಮಂಗಳವಾರದ ಸಿಕ್ಕು ನಲವತ್ತು ಸೆಕೆಂಡಿನ ರಾಗವೊಂದರದು. ತರೀಕೆರೆಯ ಕೀಬೋರ್ಡ್ ವಾದಕ ಕಾಂತರಾಜು ಎಂಬುವನು ಅದನ್ನು 'ನಿಮಗೊಬ್ಬರಿಗೇ' ಎಂದು ನಾದಕಣಜಕ್ಕೆ ಬರೆದುಕೊಟ್ಟಿದ್ದ. ಟೀಪುಡಿಯ ಜಾಹೀರಾತಿನವರು ಅದನ್ನು ಮೆಚ್ಚಿದ್ದರು. ನೋಡಿದರೆ ಅದೇ ರಾಗ ತಿಂಗಳ ಹಿಂದೆಯೇ ಇನ್ನೊಂದು ಭಂಡಾರಕ್ಕೆ ಎರವಲಿನ ಕರಾರಿನಲ್ಲಿ ಹೋಗಿತ್ತು. ಕೊಟ್ಟವರ ಹೆಸರು ತನುಜಾ. ವಿಳಾಸ ಕಾಂತರಾಜುವಿನದೇ.

"ಅಲ್ಲಿಂದ ರಾಗ ವಾಪಸ್ ತಗೋತೀನಿ ಅಂತ ಅವನ ಹೆಂಡ್ತಿ ಕೈಲಿ ಪತ್ರ ಬರೆಸ್ಕೊಂಡು ಬನ್ನಿ, ಮುಗೀತು," ಎಂದರು ಫೋನಿನಲ್ಲಿ ಮೇಲಧಿಕಾರಿ ರುದ್ರಮೂರ್ತಿ. "ಸಂಜೆ ಐದರೊಳಗೆ ಬೇರೆ ಕಾಗದ ಬರದಿದ್ರೆ ಗಂಡನ ಕರಾರೇ ಖಾಯಂ, ಆ ಭಂಡಾರದವರು ರಾಗ ಬಿಟ್ಕೊಡಬೇಕಾಗುತ್ತೆ."

ಕೋಮಲಾ ಚೀಲ ತೆಗೆದುಕೊಂಡಳು. ಅತ್ತೆ ಮಲ್ಲಿಕಾಂಬ ಬಾಗಿಲಿಗೆ ಬಂದರು.

"ತರೀಕೆರೆಗಾ? ಫೋನಲ್ಲೇ ಹೇಳಕ್ಕಾಗಲ್ವೇನೇ?"

"ಸಹಿ ಬೇಕು ಅತ್ತೆ."

"ರಾತ್ರಿಗೆ ರೊಟ್ಟಿ?"

"ಸಂಜೆ ಬಸ್ಸಿಗೆ ಬತ್ತೀನಿ."

ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ರಾಗ ಕೇಳಿದಳು. ಪ್ರತಿ ಸಾಲಿನ ಕೊನೆಗೂ ಒಂದು ನಿಲುಗಡೆ. ಚಿಕ್ಕದು, ಆದರೆ ತಪ್ಪದೆ ಬರುವಂಥದ್ದು. ಮೂರನೇ ಸಲ ಕೇಳುವಾಗ ಆ ನಿಲುಗಡೆ ಬಂದಾಗಲೆಲ್ಲ ತನ್ನ ಬಲಗೈ ತೊಡೆಯ ಮೇಲೆ ತಾನಾಗಿ ಮಗುಚಿಕೊಳ್ಳುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಪಕ್ಕದ ಸೀಟಿನ ಹೆಂಗಸು ವಿಚಿತ್ರವಾಗಿ ನೋಡಿದಳು.

ತನುಜಾ ಹಾಸ್ಟೆಲ್ ಒಂದರ ರಾತ್ರಿ ಊಟಕ್ಕೆ ದಿನಾ ಅರವತ್ತು ರೊಟ್ಟಿ ಮಾಡಿಕೊಡುವವಳು. ಕೋಮಲಾ ಹೋದಾಗ ಅವಳು ಹೆಂಚಿನ ಮುಂದಿದ್ದಳು, ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಕಾಂತರಾಜು ಕೀಬೋರ್ಡ್ ಒರೆಸುತ್ತಿದ್ದ.

"ಈ ರಾಗ ಕಟ್ಟಿದ್ದು ಯಾರು?" ಎಂದು ಕೋಮಲಾ ಫೋನಿನಲ್ಲಿ ಹಾಕಿ ತೋರಿಸಿದಳು.

"ನಾನೇ ಮೇಡಂ," ಎಂದ ಕಾಂತರಾಜು.

"ನಾನು," ಎಂದಿತು ಅಡುಗೆಮನೆ.

ಕಾಂತರಾಜು ಎದ್ದು ಬಾಗಿಲಿಗೆ ಹೋದ. "ನೀನ್ಯಾವಾಗ ಕಳಿಸ್ದೆ?"

"ನೀವ್ಯಾವಾಗ ಕಳಿಸಿದ್ರಿ?"

ಇಬ್ಬರೂ ಒಂದೇ ಫೋನಿನಿಂದ, ಒಬ್ಬರಿಗೊಬ್ಬರು ಹೇಳದೆ, ಹಣ ಬಂದ ಮೇಲೆ ಹೇಳಿ ಬೆರಗುಗೊಳಿಸೋಣ ಎಂದುಕೊಂಡು ಕಳಿಸಿದ್ದರು. ಕೋಮಲಾಳಿಗೆ ನಗು ತಡೆಯಲಾಗಲಿಲ್ಲ.

"ಸಾಲಿನ ಕೊನೇಲಿ ಯಾಕೆ ನಿಲ್ಲಿಸ್ತೀರಾ?" ಎಂದು ಕಾಂತರಾಜುವನ್ನು ಕೇಳಿದಳು.

"ಅದೇ ಮೇಡಂ ಇದರ ಜೀವ! ಜಾಹೀರಾತಿನವರು ಆ ಗ್ಯಾಪಿಗೇ ಬಿದ್ಹೋದ್ರು. ಅಲ್ಲೊಂದು ಭಾವ ಐತೆ."

"ಭಾವ ಅಲ್ಲ ಕಣ್ರೀ, ಹಬೆ," ಎಂದಳು ತನುಜಾ. ಹೆಂಚಿನ ಮೇಲೆ ಬಾಗಿ, ಉಸಿರು ಹಿಡಿದು, ರೊಟ್ಟಿ ಮಗುಚಿ, ನೆಟ್ಟಗಾದಳು. "ಹಾಡ್ತಾ ಹಾಡ್ತಾ ಮಗುಚಿದ್ರೆ ಹಬೆ ಬಾಯಿಗೆ ಹೊಡೆಯುತ್ತೆ. ಅದಕ್ಕೇ ನಿಲ್ಲಿಸ್ತೀನಿ. ಒಂದು ಸಾಲು, ಒಂದು ರೊಟ್ಟಿ."

ಕಾಂತರಾಜು ಕೀಬೋರ್ಡ್ ನೋಡಿದ, ಹೆಂಚು ನೋಡಿದ. "ದೇವರಾಣೆಗೂ ನನ್ನ ತಲೇಲೇ ಹುಟ್ಟಿದ್ದು ಅನ್ಕೊಂಡಿದ್ನಲ್ಲೇ!"

"ದಿನಾ ಪಕ್ಕದಲ್ಲೇ ಕೂತು ತಿಂತೀರಲ್ಲ, ರೊಟ್ಟಿ ಜೊತೆ ಅದೂ ಒಳಗೆ ಹೋಗೈತೆ."

ಅವನು ನಕ್ಕ. ತಲೆ ಕೆರೆದುಕೊಂಡ. "ಹೋಗ್ಲಿ ಬಿಡು, ಮುಂದಿನ ರಾಗಕ್ಕೆ ನಿನ್ನ ಹೆಸರು ಹಾಕ್ಸಾನ. ಮನೇಲಿ ಒಬ್ರ ಹೆಸರಿದ್ರೆ ಸಾಲಲ್ವಾ?"

"ಸಾಲುತ್ತೆ. ನಂದೇ ಇರ್ಲಿ."

ಕೋಮಲಾಳ ಕಡೆ ತಿರುಗಿ ತನುಜಾ ಹೇಳಿದಳು: "ಅಕ್ಕ, ಆ ಇನ್ನೊಂದು ಭಂಡಾರದೋರು ಇನ್ನೂ ಹತ್ತು ರಾಗ ಕೇಳವ್ರೆ. ಇದನ್ನ ವಾಪಸ್ ತಗೊಂಡ್ರೆ ಆ ಹತ್ತೂ ಹೋಯ್ತು. ಉಳಿದ್ರೆ ಈ ಅರವತ್ತು ರೊಟ್ಟೀಲಿ ಮೂವತ್ತಾದ್ರೂ ಬಿಡಬೋದು. ಈ ತೋಳು ನೋಡಿ."

ಮೊಣಕೈವರೆಗೆ ಸುಟ್ಟ ಗುರುತುಗಳು. ಕಾಂತರಾಜು ಅವನ್ನು ದಿನಾ ಕಂಡಿದ್ದವನೇ. ಆ ದಿನ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಾನೇ ಪೆನ್ನು ಹುಡುಕಿದ. ಹಳೆಯ ಕರಾರು ರದ್ದಾಗಲಿ, ರಾಗ ಕಟ್ಟಿದ್ದು ತನುಜಾ, ಕೀಬೋರ್ಡ್ ನುಡಿಸಿದ್ದು ಕಾಂತರಾಜು, ನಾದಕಣಜಕ್ಕೂ ಎರವಲಾಗಿಯೇ ಕೊಡುತ್ತೇವೆ ಎಂದು ಕೋಮಲಾ ಬರೆದ ಕಾಗದಕ್ಕೆ ಇಬ್ಬರೂ ಸಹಿ ಮಾಡಿದರು. ಕೋಮಲಾ ಅಲ್ಲೇ ಮಣೆ ಹಾಕಿಕೊಂಡು ಕಾಯಿಚಟ್ನಿಯಲ್ಲಿ ಎರಡು ರೊಟ್ಟಿ ತಿಂದಳು. ಬೇರೆಯವರು ಮಾಡಿ ಬಿಸಿಬಿಸಿಯಾಗಿ ಹಾಕಿದ ರೊಟ್ಟಿ ತಿಂದು ಎಷ್ಟು ದಿನವಾಗಿತ್ತೋ.

ತರೀಕೆರೆ ಬಸ್ ನಿಲ್ದಾಣದಲ್ಲಿ ಗಂಟೆ ನಾಲ್ಕೂವರೆ. ಕಾಗದದ ಫೋಟೋ ತೆಗೆದು ರುದ್ರಮೂರ್ತಿಯವರಿಗೆ ವಿಷಯ ಹೇಳಿದಳು.

"ಜಾಹೀರಾತು ಏನೂ ನಿಲ್ಲಲ್ಲ ಸರ್. ರಾಗ ನಮ್ಮಲ್ಲೂ ಇರುತ್ತೆ, ಅಲ್ಲೂ ಇರುತ್ತೆ."

"ನಮ್ಮಲ್ಲಿ ಮಾತ್ರ ಇದ್ರೆ ಬೆಲೆ ಕೋಮಲಾ. ನೀವೊಂದು ಕೆಲಸ ಮಾಡಿ. ಬಸ್ ಹತ್ತಿಬಿಡಿ. ನೆಟ್‌ವರ್ಕ್ ಇರಲಿಲ್ಲ, ಕಳಿಸಕ್ಕಾಗ್ಲಿಲ್ಲ ಅನ್ನಿ. ಐದು ದಾಟ್ಲಿ. ಯಾರೂ ನಿಮ್ಮನ್ನ ಕೇಳಲ್ಲ." ಆಮೇಲೆ ಸೇರಿಸಿದರು: "ಮುಂದಿನ ತಿಂಗಳು ನಿಮ್ಮ ಕೆಲಸ ಮುಂದುವರಿಸೋ ಪತ್ರಕ್ಕೆ ಸಹಿ ಹಾಕೋನು ನಾನೇ, ನೆನಪಿರ್ಲಿ."

ಅಜ್ಜಂಪುರದ ಬಸ್ಸು ಬಂದು ನಿಂತಿತು. ಊರು ದಾಟಿದರೆ ನೆಟ್‌ವರ್ಕ್ ಹೋಗುವುದು ನಿಜವೇ. ಹತ್ತಿ ಕೂತರೆ ಸಾಕು, ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಕಾಗದದ ಜೊತೆ ಸಂಸ್ಥೆಯ ಉದ್ದನೆಯ ಫಾರಂ ತುಂಬಲು ಇಪ್ಪತ್ತು ನಿಮಿಷ ಬೇಕು. ಮುಂದಿನ ಬಸ್ಸು ಒಂದು ಗಂಟೆಯ ಮೇಲೆ.

ಫೋನ್ ಬಡಿದುಕೊಂಡಿತು. ಮಲ್ಲಿಕಾಂಬ.

"ಬಸ್ ಹತ್ತಿದ್ಯೇನೇ?"

ಕಂಡಕ್ಟರ್ ಸೀಟಿ ಊದಿದ. ಕೋಮಲಾ ಮೆಟ್ಟಿಲ ಹತ್ತಿರ ನಿಂತಿದ್ದಳು.

"ಇಲ್ಲ ಅತ್ತೆ. ಮುಂದಿನ ಬಸ್ಸಿಗೆ ಬತ್ತೀನಿ. ಹಿಟ್ಟು ಜರಡಿ ಹಿಡಿದಿಟ್ಟಿದೀನಿ. ನಿಮ್ಮ ಮಗನಿಗೆ ತಟ್ಟೋಕೆ ಹೇಳಿ."

"ಅವನಿಗಾ? ಅವನು ತಟ್ಟಿದ್ರೆ ಹೆಂಚು ತೊಳಿಯೋಕೆ ಇನ್ನೊಬ್ರು ಬೇಕು ಕಣೇ!" ಆ ಕಡೆ ಅತ್ತೆ ನಕ್ಕರು. "ಆಗ್ಲಿ, ಕಲೀಲಿ. ನಲವತ್ತೈದಾಯ್ತು ಅವನಿಗೂ."

"ಮಗುಚುವಾಗ ಉಸಿರು ಹಿಡ್ಕೊಳ್ಳೋಕೆ ಹೇಳಿ ಅತ್ತೆ."

ಬಸ್ಸು ಹೊರಟುಹೋಯಿತು. ಕೋಮಲಾ ಕಲ್ಲುಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಳು. 'ರಾಗ ಕಟ್ಟಿದವರು' ಎಂಬ ಜಾಗದಲ್ಲಿ ತನುಜಾ ಎಂದು, ಪಾತ್ರೆಯ ಮೇಲೆ ಹೆಸರು ಹಾಕುವಷ್ಟೇ ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿದಳು. ಐದಕ್ಕೆ ಇನ್ನೂ ಆರು ನಿಮಿಷವಿದ್ದಾಗ ಫಾರಂ ತುಂಬಿ ಮುಗಿಯಿತು. ಒಂದು ಸಲ ಉಸಿರು ಹಿಡಿದಳು, ಕಳಿಸಿದಳು.