ಗೋಡೆ ಮುಗಿದ ಕಡೆ

“ನಿನ್ನ ಕೆಲಸ ಗಾರೆ. ಸಮುದ್ರ ನನ್ನ ಕೆಲಸ.” ಹನ್ನೊಂದು ವರ್ಷದ ಹಿಂದೆ ಇಂಜಿನಿಯರ್ ಹದಿನಾರು ಜನ ಕೂಲಿಗಳ ಎದುರು ಹೇಳಿದ ಈ ಮಾತು ಮೇಸ್ತ್ರಿಯ ಹೊಟ್ಟೆಯಲ್ಲಿ ಇನ್ನೂ ಕರಗಿಲ್ಲ. ಊಟದ ಹೊತ್ತಿಗೆ ಯಾರಾದರೂ ಆ ಮನುಷ್ಯನ ಸುದ್ದಿ ಎತ್ತಿದರೆ ತಟ್ಟೆ ಸರಿಸಿ ಎದ್ದುಬಿಡುತ್ತಾನೆ.

ಮೇಸ್ತ್ರಿ ಓದಿದ್ದು ನಾಲ್ಕನೇ ಕ್ಲಾಸು. ಮೂಗಿನ ತುದಿಯಲ್ಲೇ ಕೋಪ. ಆದರೆ ಮೂವತ್ತು ವರ್ಷ ಅದೇ ದಂಡೆಯಲ್ಲಿ ಕಲ್ಲು ಹೊತ್ತವನು. ಅಲೆ ದಡಕ್ಕೆ ಓರೆಯಾಗಿ ಬರುತ್ತದೆ, ಬಂದಾಗೆಲ್ಲ ಮರಳನ್ನು ಒಂದಿಷ್ಟು ಉತ್ತರಕ್ಕೆ ತಳ್ಳುತ್ತದೆ ಎಂಬುದು ಅವನಿಗೆ ಪುಸ್ತಕದಿಂದ ಸಿಕ್ಕಿದ್ದಲ್ಲ. ಇಟ್ಟಿಗೆ ಚೂರುಗಳಿಗೆ ಬಿಳಿ ಬಣ್ಣ ಬಳಿದು ನೀರಿನಂಚಿಗೆ ಚೆಲ್ಲಿದ್ದ. ಮೂರು ದಿನ ಬಿಟ್ಟು ಹುಡುಕಿದರೆ ಎಂಬತ್ತು ಹೆಜ್ಜೆ ಉತ್ತರಕ್ಕೆ ಸಿಕ್ಕಿದವು.

ದಡ ಕೊರೆಯುತ್ತಿದೆ ಎಂದು ಕಚೇರಿಯವರು ತಡೆಗೋಡೆ ಕಟ್ಟಿಸಲು ಬಂದರು. ನಕ್ಷೆಯಲ್ಲಿ ಗೋಡೆ ನೆಟ್ಟಗೆ ನಿಂತಿತ್ತು. ದಕ್ಷಿಣದಿಂದ ಶುರುವಾದ ಕೆಲಸ ಅರ್ಧ ದಾಟುವ ಹೊತ್ತಿಗೆ ಮೇಸ್ತ್ರಿಗೆ ತಡೆಯಲಾಗಲಿಲ್ಲ.

“ಸಾರ್, ಹೀಗೆ ಕಟ್ಟಿದ್ರೆ ಅಲೆ ಬಡಿದು ವಾಪಸ್ ಬೀಳುವಾಗ ಬುಡದ ಮರಳನ್ನೇ ಕಿತ್ಕೊಂಡು ಹೋಗುತ್ತೆ. ದಪ್ಪ ಕಲ್ಲು ಇಳಿಜಾರಾಗಿ ಸುರೀರಿ. ಸಂದಿಯಲ್ಲಿ ನುಗ್ಗಿ ನುಗ್ಗಿ ಅದಕ್ಕೇ ಸುಸ್ತಾಗ್ಲಿ” ಎಂದ ಮೇಸ್ತ್ರಿ.

ಆಗ ಬಂದದ್ದು ಆ ಮಾತು. ಮೇಸ್ತ್ರಿ ಕರಣೆಯನ್ನು ಬಾಣಲೆಗೆ ಎಸೆದು, “ಹಾಗಾದ್ರೆ ಗಾರೆಯನ್ನೂ ನೀವೇ ಮೆತ್ಕೊಳ್ಳಿ” ಎಂದು ನಡೆದುಬಿಟ್ಟ. ಹದಿನಾರು ಜನರೂ ಹಿಂದೆ ನಡೆದರು. ಬೇರೆ ಮೇಸ್ತ್ರಿ ಸಿಗಲಿಲ್ಲ. ಅಷ್ಟಕ್ಕೇ ಕೆಲಸ ಮುಗಿಯಿತೆಂದು ಕಚೇರಿಯವರು ಬರೆದುಕೊಂಡರು. ಗೋಡೆ ನಿಂತುಹೋದದ್ದು ಅವನ ಅಕ್ಕನ ಮನೆಗೆ ಮೂವತ್ತು ಹೆಜ್ಜೆ ಈಚೆ.

ಆ ಮಳೆಗಾಲ ಅಲೆಗಳು ಗೋಡೆಯುದ್ದಕ್ಕೂ ಜಾರಿ ಬಂದು, ಅದು ಮುಗಿದ ಕಡೆ ಒಳಕ್ಕೆ ತಿರುಗಿ ಕಚ್ಚಿದವು. ಗೋಡೆಯ ಹಿಂದೆ ಸಿಕ್ಕಿಬಿದ್ದ ಮರಳು ಉತ್ತರಕ್ಕೆ, ಅಕ್ಕನ ಮನೆಯ ಕಡೆ, ಬರಲೂ ಇಲ್ಲ. ಒಂದು ಬೆಳಗ್ಗೆ ಅಕ್ಕ ಪಾತ್ರೆ ತರಲು ಹೋದರೆ ಅಡುಗೆಮನೆಯ ಹಿಂಗೋಡೆ ಇರಲಿಲ್ಲ. ಮಧ್ಯಾಹ್ನಕ್ಕೆ ಒಲೆಯೂ ಇರಲಿಲ್ಲ. ಬಲೆ ಹೆಣೆಯುವ ಭಾವ ಹೊಸ್ತಿಲ ಮೇಲೆ ಕೂತು, “ಒಳ್ಳೇದಾಯ್ತು ಬಿಡು, ಇನ್ನು ಪಾತ್ರೆ ತೊಳೆಯೋಕೆ ನೀರು ಹೊರಬೇಕಾಗಿಲ್ಲ” ಎಂದ. ಅಕ್ಕ ನಗಲಿಲ್ಲ.

ಮಳೆಗಾಲ ಕಳೆಯುತ್ತಲೇ ಮನೆ ಖಾಲಿ ಮಾಡಿ ಎಂದು ಕಚೇರಿಯಿಂದ ಕಾಗದ ಬಂತು. ಅಕ್ಕ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು.

“ಬಿಚ್ಚು ಅದನ್ನ” ಎಂದ ಮೇಸ್ತ್ರಿ. “ಯಾರೂ ಎಲ್ಲಿಗೂ ಹೋಗಲ್ಲ.”

ಕ್ವಾರಿಯಲ್ಲಿ ಒಡೆದು ಬಿಸಾಡಿದ ಬಂಡೆಗಳನ್ನು ಲಾರಿಯಲ್ಲಿ ತಂದ. ನೀರು ಹಿಂದೆ ಸರಿದಿರುವ ನಾಲ್ಕು ತಾಸು ಮಾತ್ರ ಕೆಲಸ. ಹಳೆಯ ಕೂಲಿಗಳು ಬೈದುಕೊಳ್ಳುತ್ತಲೇ ಬಂದರು. ಸಣ್ಣ ಕಲ್ಲು ಒಳಗೆ, ದೊಡ್ಡದು ಮೇಲೆ. ಗೋಡೆಯ ತುದಿಯಿಂದ ಅಕ್ಕನ ಮನೆ ದಾಟಿ, ಯಾವ ಅಲೆಗೂ ಜಗ್ಗದ ಕರಿಬಂಡೆಯವರೆಗೆ ಇಳಿಜಾರು ಎದ್ದಿತು. ಅರ್ಧ ಕೆಲಸದಲ್ಲಿ ಇಂಜಿನಿಯರ್ ಜೀಪಿನಿಂದ ಇಳಿದ.

“ಅನುಮತಿ ಯಾರು ಕೊಟ್ರು?”

“ಅಡುಗೆಮನೆ ಒಯ್ಯುವಾಗ ಸಮುದ್ರ ನಿಮ್ಮ ಅನುಮತಿ ಕೇಳಿತ್ತಾ?”

“ಕೇಸ್ ಹಾಕ್ತೀನಿ.”

“ಹಾಕಿ. ಬೇಗ ಹಾಕಿ. ಮಳೆ ಹಿಡಿದ್ಮೇಲೆ ಈ ವಿಳಾಸ ಇರುತ್ತೋ ಇಲ್ವೋ.”

ಮಳೆ ಹಿಡಿಯಿತು. ಕಲ್ಲುಗಳು ಕುಸಿದವು, ಹೊರಳಿದವು, ಒಂದರ ತೊಡೆಯ ಮೇಲೊಂದು ಕೂತು ಸುಮ್ಮನಾದವು. ಅಲೆ ಸಂದಿಗಳಲ್ಲಿ ಬುಸುಗುಟ್ಟಿ ನೊರೆಯಾಗಿ ಹಿಂದಿರುಗಿತು. ಮುಂದಿನ ಎರಡು ಕೋಣೆ ಉಳಿದವು. ಇಂಜಿನಿಯರನ ಗೋಡೆ ಮೂರನೇ ವರ್ಷಕ್ಕೆ ಬುಡ ಟೊಳ್ಳಾಗಿ ಮುಗ್ಗರಿಸಿತು. ಮೇಸ್ತ್ರಿ ಅದರ ಬೆನ್ನ ಮೇಲೇ ಕೂತು ಚಹಾ ಕುಡಿದ.

ಗೆದ್ದ ಉಮೇದಿನಲ್ಲಿ, ಹೊಸ ಅಡುಗೆಮನೆ ಕಟ್ಟಿಕೊಡುತ್ತೇನೆಂದು ಅಳತೆ ದಾರ ಹಿಡಿದು ಅಕ್ಕನ ಮನೆಗೆ ಹೋದ. ಅವಳು ಪಡಸಾಲೆಯ ಮೂಲೆಯಲ್ಲಿ ಒಲೆ ಊದುತ್ತಿದ್ದಳು.

“ಆ ದಿನ ನೀನು ಕೆಲಸ ಬಿಟ್ಟು ಬರದೆ ಇದ್ದಿದ್ರೆ ಗೋಡೆ ನನ್ನ ಮನೆ ದಾಟಿ ಹೋಗ್ತಿತ್ತು, ಅಲ್ವಾ?”

“ಕೆಟ್ಟ ಗೋಡೆ ಅಕ್ಕ ಅದು. ಬಿದ್ದೇ ಹೋಯ್ತಲ್ಲ.”

“ಮೂರು ವರ್ಷ ನಿಂತಿತ್ತು. ಅಷ್ಟರಲ್ಲಿ ನೀನು ಕಲ್ಲು ಸುರೀಬಹುದಿತ್ತು.”

ಮೇಸ್ತ್ರಿ ದಾರ ಸುತ್ತತೊಡಗಿದ. “ಕಟ್ಟಿಕೊಡ್ತೀನಿ ಅಂದ್ನಲ್ಲ” ಎಂದ.

“ಬೇಡ. ಕಟ್ಟಿಬಿಟ್ರೆ ಲೆಕ್ಕ ತೀರಿತು ಅಂದ್ಕೊಂಡು ಆರಾಮಾಗಿ ಮಲಗ್ತೀಯ. ಕೂರು, ಊಟ ಮಾಡು.”

ಅವನು ವರ್ಷಕ್ಕೊಮ್ಮೆ ಕೇಳುತ್ತಾನೆ. ಅವಳು ವರ್ಷಕ್ಕೊಮ್ಮೆ ಬೇಡ ಅನ್ನುತ್ತಾಳೆ. ಅಡುಗೆ ಈಗಲೂ ಪಡಸಾಲೆಯಲ್ಲೇ.